ಪದಚರ್ಚೆ: ಟ್ರೌಟ್ ಮೊಟ್ಟೆಯಿಡುವ ಜಾಗಕ್ಕೆ ಏನೆನ್ನಬೇಕು? (ಫಲಕಕ್ಕೆ, ತುರ್ತು)

ಎಲ್ಲರಿಗೂ ನಮಸ್ಕಾರ.

ಟ್ರೌಟ್ ಎಂಬ ತಂಪು ನೀರಿನ ಮೀನಿಗೆ ಗಾಳ ಹಾಕುವವರ ಸಂಘವೊಂದು ತಾನು ಮೀನು ಹಿಡಿಯುವ ಹೊಳೆಯನ್ನು ತಾನೇ ನೋಡಿಕೊಳ್ಳುತ್ತದೆ. ಅದರ ದಂಡೆಯ ಫಲಕವನ್ನೂ ಸ್ವಯಂಸೇವಕರ ಕೈಪಿಡಿಯನ್ನೂ ಕನ್ನಡಕ್ಕೆ ತರುತ್ತಿದ್ದೇನೆ. ಫಲಕ ನಾಳೆ ಸಂಜೆ ಅಚ್ಚಿಗೆ ಹೋಗಬೇಕು, ಕೈಪಿಡಿಗೆ ಇನ್ನೂ ಒಂದು ವಾರವಿದೆ. ತೊಡಕಾಗಿರುವ ಪದಗಳು ಇವು:

ರೆಡ್: ಹೆಣ್ಣು ಟ್ರೌಟ್ ಹೊಳೆತಳದ ಸಣ್ಣ ಕಲ್ಲುಗಳನ್ನು ತೋಡಿ ಮೊಟ್ಟೆಯಿಟ್ಟು ಮುಚ್ಚುವ ಜಾಗ. ಸದ್ಯಕ್ಕೆ ‘ಮೊಟ್ಟೆಗುಳಿ’ ಎಂದಿಟ್ಟಿದ್ದೇನೆ.
ಬಾರ್ಬ್‌ಲೆಸ್ ಹುಕ್: ಮೊನೆಯ ಕೆಳಗೆ ಹಿಂದಕ್ಕೆ ಬಾಗಿದ ಚಾಚು ಇಲ್ಲದ ಗಾಳ. ‘ಮುಳ್ಳಿಲ್ಲದ ಗಾಳ’ ಎಂದಿಟ್ಟಿದ್ದೇನೆ.
ಫ್ಲೈ: ಗಾಳಕ್ಕೆ ಗರಿ, ದಾರ ಸುತ್ತಿ ಕಟ್ಟಿದ ಹುಳುವಿನ ಹೋಲಿಕೆ. ‘ಕೃತಕ ನೊಣ’.
ಗ್ರಾವೆಲ್: ‘ಜಲ್ಲಿ’.
ರಿಫ್‌ಲ್: ಹೊಳೆಯಲ್ಲಿ ಆಳವಿಲ್ಲದೆ ಕಲ್ಲಿನ ಮೇಲೆ ಬಿರುಸಾಗಿ ಹರಿಯುವ ಭಾಗ. ಇದಕ್ಕೆ ಏನೂ ಹೊಳೆಯುತ್ತಿಲ್ಲ.

ಫಲಕದ ಮಾತು ಈಗ ಹೀಗಿದೆ: “ಮೊಟ್ಟೆಗುಳಿಗಳನ್ನು ತುಳಿಯಬೇಡಿ. ಮುಳ್ಳಿಲ್ಲದ ಗಾಳ ಮತ್ತು ಕೃತಕ ನೊಣ ಮಾತ್ರ. ಎರೆ ನಿಷಿದ್ಧ. ಹಿಡಿದ ಮೀನನ್ನು ಬಿಟ್ಟುಬಿಡಿ.”

ದಯವಿಟ್ಟು ತಿದ್ದಿಕೊಡಿ.

ಮರು: ಟ್ರೌಟ್ ಮೊಟ್ಟೆಯಿಡುವ ಜಾಗ

‘ಮೊಟ್ಟೆಗುಳಿ’ ಸಾರ್ವಜನಿಕ ಫಲಕಕ್ಕೆ ತಕ್ಕ ಭಾಷೆಯಲ್ಲ. ‘ಅಂಡಸ್ಥಲಿ’ ಎನ್ನಿ. ‘ಮೊಟ್ಟೆಸ್ಥಳ’ ಎಂದು ಮಾತ್ರ ಬರೆಯಬೇಡಿ, ಅರಿಸಮಾಸವಾಗುತ್ತದೆ. ಎರಡನೆಯದಕ್ಕೆ ‘ನಿಷ್ಕಂಟಕ ಗಾಳ’.

ಮರು: ಮರು: ಟ್ರೌಟ್ ಮೊಟ್ಟೆಯಿಡುವ ಜಾಗ

> ನಿಷ್ಕಂಟಕ ಗಾಳ

ಅರಿಸಮಾಸಕ್ಕೆ ಹೆದರುವವರು ಇದನ್ನು ಹೇಗೆ ಬರೆದಿರಿ?

ಮರು: ಮರು: ಮರು: ಟ್ರೌಟ್ ಮೊಟ್ಟೆಯಿಡುವ ಜಾಗ

ಅದು ಸಮಾಸವಲ್ಲ, ವಿಶೇಷಣ. ಎರಡು ಪದವಾಗಿ ಬಿಡಿಸಿ ಬರೆದಿದ್ದೇನೆ, ನೋಡಿ.

ಮರು: ಟ್ರೌಟ್ ಮೊಟ್ಟೆಯಿಡುವ ಜಾಗ (‘ಗುಳಿ’ ಏಕೆ ಬೇಡ)

ಸಮಾಸ ಆಮೇಲೆ. ಮೇಡಂ, ‘ಗುಳಿ’ ಎಂದು ಅಚ್ಚಾದರೆ ಫಲಕದ ಉದ್ದೇಶವೇ ಕೆಡುತ್ತದೆ. ಮೊಟ್ಟೆ ಗುಳಿಯಲ್ಲಿ ಇರುವುದೇ ಇಲ್ಲ.

ಹೆಣ್ಣು ಟ್ರೌಟ್ ಪಕ್ಕಕ್ಕೆ ಹೊರಳಿ ಬಾಲವನ್ನು ಮೇಲಕ್ಕೂ ಕೆಳಕ್ಕೂ ಬಡಿಯುತ್ತದೆ. ಆ ಸೆಳೆತಕ್ಕೆ ತಳದ ಕಲ್ಲುಗಳು ಎದ್ದು, ಹರಿವಿನ ಜೊತೆ ಸ್ವಲ್ಪ ಕೆಳಗೆ ಹೋಗಿ ಬೀಳುತ್ತವೆ. ಹೀಗೆ ಆದ ಕುಳಿಯಲ್ಲಿ ಮೊಟ್ಟೆ ಬೀಳುತ್ತದೆ, ಅದೇ ಗಳಿಗೆಯಲ್ಲಿ ಗಂಡು ವೀರ್ಯ ಬಿಡುತ್ತದೆ. ಆಮೇಲೆ ಹೆಣ್ಣು ಹರಿವಿಗೆ ಎದುರಾಗಿ ತುಸು ಮುಂದೆ ಸರಿದು ಮತ್ತೆ ತೋಡುತ್ತದೆ, ಅಲ್ಲಿಂದೆದ್ದ ಕಲ್ಲು ಮೊದಲಿನ ಮೊಟ್ಟೆಗಳನ್ನು ಮುಚ್ಚುತ್ತದೆ. ಕೆಲಸ ಮುಗಿದಾಗ ಹರಿವಿನ ಮೇಲುಗಡೆ ಒಂದು ಬರಿಯ ಕುಳಿ ಉಳಿಯುತ್ತದೆ. ಅದರಿಂದ ಹರಿವಿನ ಕೆಳಗಡೆ ನೀಳವಾಗಿ ಉಬ್ಬಿದ ಕಲ್ಲಿನ ಗುಪ್ಪೆ ಇರುತ್ತದೆ. ಮೊಟ್ಟೆ ಇರುವುದು ಆ ಗುಪ್ಪೆಯ ಒಳಗೆ.

‘ಗುಳಿ ತುಳಿಯಬೇಡಿ’ ಎಂದು ಓದಿದವನು ಕುಳಿಯನ್ನು ದಾಟಿ ಸರಿಯಾಗಿ ಗುಪ್ಪೆಯ ಮೇಲೆ ಕಾಲಿಡುತ್ತಾನೆ. ಕಲ್ಲು ಅದುಮಿ ಮೊಟ್ಟೆ ಒಡೆಯುತ್ತದೆ. ಮೊಟ್ಟೆಯೊಳಗೆ ಕಣ್ಣಿನ ಚುಕ್ಕೆ ಕಾಣಿಸಿಕೊಳ್ಳುವವರೆಗೂ ಅಲುಗಾಟಕ್ಕೇ ಸಾಯುವುದುಂಟು.

ಆದ್ದರಿಂದ ‘ಮೊಟ್ಟೆಗುಪ್ಪೆ’ ಅಥವಾ ‘ಮೊಟ್ಟೆದಿಬ್ಬ’. ಗುರುತನ್ನೂ ಸೇರಿಸಿ: ಹೊಸದಾಗಿ ಮಗುಚಿದ ಕಲ್ಲಿಗೆ ಪಾಚಿ ಇರುವುದಿಲ್ಲ, ಸುತ್ತಲ ತಳಕ್ಕಿಂತ ಬೆಳ್ಳಗೆ ಕಾಣುತ್ತದೆ. ಕೆಲವು ವಾರ ಕಳೆದರೆ ಪಾಚಿ ಮತ್ತೆ ಹತ್ತಿ ಬಣ್ಣದ ಗುರುತು ಮಾಸುತ್ತದೆ, ಒಳಗೆ ಮೊಟ್ಟೆ ಮಾತ್ರ ಇನ್ನೂ ಇರುತ್ತದೆ. ಹಾಗಾಗಿ ‘ಬಿಳಿ ಜಾಗ ತುಳಿಯಬೇಡಿ’ ಎಂದಷ್ಟೇ ಬರೆದರೂ ಸಾಲದು.

ನಿಷ್ಕಂಟಕ ಎಂದರೆ ಇಂದಿನ ಕನ್ನಡದಲ್ಲಿ ತೊಂದರೆಯಿಲ್ಲದ್ದು. ಗಾಳಕ್ಕೆ ಬೇಡ.

ಮರು: ‘ಗುಳಿ’ ಏಕೆ ಬೇಡ

ದಿಬ್ಬ ಎಂದರೆ ಏರಿ ನಿಲ್ಲುವಷ್ಟು ದೊಡ್ಡದು ಮನಸ್ಸಿಗೆ ಬರುತ್ತದೆ. ಗುಪ್ಪೆ ಎಂದರೆ ರಾಶಿ ಸುರಿದದ್ದು. ಎರಡೂ ಕೂಡುವುದಿಲ್ಲ.

‘ಮೊಟ್ಟೆಪಾತಿ’ ಎನ್ನಿ. ಮಣ್ಣನ್ನು ಹದ ಮಾಡಿ, ಬೀಜ ಹಾಕಿ, ಮೇಲೆ ಮುಚ್ಚಿದ ಜಾಗಕ್ಕೆ ನಾವು ಹೇಳುವ ಮಾತು ಅದೇ. ತಗ್ಗೂ ಉಬ್ಬೂ ಎರಡೂ ಅದರಲ್ಲಿ ಅಡಕ. ಪಾತಿಯನ್ನು ತುಳಿಯಬಾರದು ಎಂಬುದು ಕನ್ನಡ ಬಲ್ಲ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಮರು: ಮೊಟ್ಟೆಪಾತಿ

ಪಾತಿ ಸಂಸ್ಕೃತದ ‘ಪಾತ್ರ’ದ ತದ್ಭವವಲ್ಲವೇ?

ಮರು: ಮರು: ಮೊಟ್ಟೆಪಾತಿ

ಅಲ್ಲ. ತಮಿಳಿನಲ್ಲಿ ‘ಪಾತ್ತಿ’, ಅದೇ ಅರ್ಥ. ದ್ರಾವಿಡ ಪದ.

ಮರು: ಮೊಟ್ಟೆಪಾತಿ (ಜಲ್ಲಿ, ಗಾಳ)

ಪಾತಿಗೆ ನನ್ನ ಒಪ್ಪಿಗೆ. ಉಳಿದವಕ್ಕೆ ಬರುತ್ತೇನೆ.

‘ಜಲ್ಲಿ’ ಕೈಪಿಡಿಯಲ್ಲಿ ಎಲ್ಲೆಲ್ಲಿದೆಯೋ ಅಲ್ಲೆಲ್ಲ ತೆಗೆಯಿರಿ. ಮೊಟ್ಟೆಯಿಡುವ ತಳ ಕೊಚ್ಚಿಹೋದಲ್ಲಿ ಸಂಘಗಳು ಹೊರಗಿನಿಂದ ಕಲ್ಲು ತಂದು ಹಾಕುತ್ತವೆ. ‘ಜಲ್ಲಿ ತರಿಸಿ’ ಎಂದು ಬರೆದರೆ ಬರುವುದು ಕ್ವಾರಿಯಲ್ಲಿ ಒಡೆದ, ಅಂಚು ಚೂಪಾದ ಕಲ್ಲು. ಅವು ಒಂದಕ್ಕೊಂದು ಕಚ್ಚಿ ಕೂರುತ್ತವೆ, ಮೀನು ಬಾಲ ಬಡಿದರೂ ಸರಿಯುವುದಿಲ್ಲ. ‘ಗರಸು’ ಎಂದರೆ ಮಣ್ಣು ಬೆರೆತದ್ದು ಬರುತ್ತದೆ, ಅದು ಇನ್ನೂ ಕೆಟ್ಟದ್ದು. ಮೊಟ್ಟೆಗೆ ಉಸಿರು ಸಿಗುವುದು ಕಲ್ಲುಗಳ ಸಂದಿಯಲ್ಲಿ ಹರಿಯುವ ನೀರಿನಿಂದ. ನುಣ್ಣನೆಯ ಮಣ್ಣು ಸಂದಿಗಳನ್ನು ತುಂಬಿದರೆ ಆಮ್ಲಜನಕ ತಲುಪದೆ ಮೊಟ್ಟೆ ಸಾಯುತ್ತದೆ. ಒಡೆದು ಬಂದ ಮರಿಯೂ ಮೇಲಕ್ಕೆ ಬರಲಾಗದೆ ಒಳಗೇ ಸಿಕ್ಕಿಕೊಳ್ಳುತ್ತದೆ. ಬೇಕಾದದ್ದು ನೀರಿನಲ್ಲಿ ಉರುಳಿ ದುಂಡಗಾದ, ತೊಳೆದ ಕಲ್ಲು, ಸುಮಾರು 1ರಿಂದ 5 ಸೆಂ.ಮೀ. ಗಾತ್ರದ್ದು, ಬೇರೆಬೇರೆ ಗಾತ್ರ ಬೆರೆತದ್ದು. ಕನ್ನಡದಲ್ಲಿ ‘ನೊರಜುಗಲ್ಲು’ ಇದೆ. ಮೊದಲ ಬಾರಿ ಬರುವಲ್ಲಿ ‘ಹೊಳೆಯ ದುಂಡು ನೊರಜುಗಲ್ಲು’ ಎಂದು ಪೂರ್ತಿ ಬರೆಯಿರಿ.

‘ಮುಳ್ಳಿಲ್ಲದ ಗಾಳ’ವೂ ಸರಿಯಿಲ್ಲ. ಮೀನಿನ ಮಾತು ಬಂದಾಗ ಮುಳ್ಳು ಎಂದರೆ ಮೊದಲು ನೆನಪಾಗುವುದು ಮೀನಿನ ಎಲುಬು. ಗಾಳದ ಮಾತಿನಲ್ಲಿ ಅದರ ಚೂಪು ಮೊನೆಯನ್ನೇ ಮುಳ್ಳು ಎಂದುಕೊಳ್ಳಬಹುದು. ಇಲ್ಲಿ ಹೇಳಬೇಕಾದದ್ದು ಮೊನೆಯ ಕೆಳಗೆ ಹಿಂದಕ್ಕೆ ಬಾಗಿದ ಸಣ್ಣ ಚಾಚು. ಅದಕ್ಕೆ ‘ಹಿಮ್ಮುಳ್ಳು’ ಆಗುತ್ತದೆ. ‘ಹಿಮ್ಮುಳ್ಳಿಲ್ಲದ ಗಾಳ’. ಕೈಪಿಡಿಗೆ ವಿಧಾನವನ್ನೂ ಸೇರಿಸಿ: ಸಪಾಟು ಬಾಯಿಯ ಇಕ್ಕಳದಲ್ಲಿ ಹಿಮ್ಮುಳ್ಳನ್ನು ಒತ್ತಿ ಮಟ್ಟ ಮಾಡಬೇಕು. ಹತ್ತಿ ಬಟ್ಟೆಗೆ ಚುಚ್ಚಿ ಹಿಂದಕ್ಕೆಳೆದರೆ ದಾರ ಹಿಡಿಯದೆ ಬರಬೇಕು, ಹಿಡಿದರೆ ಮತ್ತೆ ಒತ್ತಬೇಕು. ಇಂಥ ಗಾಳದಲ್ಲಿ ದಾರ ಸಡಿಲವಾದರೆ ಮೀನು ಜಾರಿಹೋಗುತ್ತದೆ. ಹಾಗಾಗಿ ದಾರ ಬಿಗಿಯಾಗಿಯೇ ಇರಬೇಕು.

ಮರು: ಫ್ಲೈ

ಫ್ಲೈ ನೊಣವಲ್ಲ. ಗಾಳಕ್ಕೆ ಗರಿ, ತುಪ್ಪಳ, ದಾರ ಸುತ್ತಿ ಕಟ್ಟುವುದು ಬಹುಮಟ್ಟಿಗೆ ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್ ಎಂಬ ಕೀಟಗಳ ಹೋಲಿಕೆಯನ್ನು. ಈ ಮೂರರಲ್ಲಿ ಒಂದೂ ನೊಣದ ಜಾತಿಗೆ ಸೇರಿದ್ದಲ್ಲ. ಮೇಲಾಗಿ ಇವು ಬಾಳಿನ ಬಹುಪಾಲನ್ನು ನೀರೊಳಗೆ ಮರಿಹುಳುವಾಗಿ ಕಳೆಯುತ್ತವೆ, ಆ ರೂಪಕ್ಕೂ ಗಾಳ ಕಟ್ಟುತ್ತಾರೆ. ‘ನೊಣ’ ಎಂದರೆ ಅದು ಹೊರಗುಳಿಯುತ್ತದೆ. ‘ಗರಿಹುಳು’ ಹಾಕಿ.

ಕೈಪಿಡಿಯಲ್ಲಿ ಕಿಕ್ ಸ್ಯಾಂಪಲ್, ಅಂದರೆ ನೀರು ಹೇಗಿದೆ ಎಂದು ತಿಳಿಯಲು ತಳದ ಹುಳುಗಳನ್ನು ಎಣಿಸುವ ವಿಧಾನ, ಇದ್ದೇ ಇರುತ್ತದೆ. ‘ಒದೆ ಮಾದರಿ’ ಎಂದು ಬರೆದುಬಿಟ್ಟೀರಿ, ಬೇಡ. ಬಲೆಯನ್ನು ಹರಿವಿನ ಕೆಳಗಡೆ ತಳಕ್ಕೆ ಒತ್ತಿ ಹಿಡಿದು, ಅದರ ಮುಂದೆ ಹಿಮ್ಮಡಿಯಿಂದ ಕಲ್ಲು ಕದಡುವುದು, ಎದ್ದ ಹುಳುಗಳು ಬಲೆಗೆ ಬರುವುದು, ಇಷ್ಟೇ. ‘ತಳ ಕದಡಿ ಎಣಿಕೆ’ ಎಂದರೆ ಕೆಲಸ ಕಣ್ಣಿಗೆ ಕಟ್ಟುತ್ತದೆ. ರೂಢಿಯಲ್ಲಿರುವ ಲೆಕ್ಕ 3 ನಿಮಿಷ ಕದಡುವುದು, 1 ನಿಮಿಷ ದೊಡ್ಡ ಕಲ್ಲುಗಳನ್ನು ಕೈಯಲ್ಲೆತ್ತಿ ನೋಡುವುದು. ಹುಳುಗಳ ಪ್ರತಿ ಗುಂಪಿನಲ್ಲಿ 1ರಿಂದ 9 ಹುಳು ಇದ್ದರೆ 1 ಅಂಕ, 10ರಿಂದ 99 ಇದ್ದರೆ 2, 100ರಿಂದ 999ಕ್ಕೆ 3, ಅದಕ್ಕೂ ಮೇಲೆ 4. ಮೊತ್ತ ಒಮ್ಮೆಲೇ ಕುಸಿದರೆ ಮೇಲುಗಡೆ ಎಲ್ಲೋ ಕೊಳಕು ಸೇರಿದೆ ಎಂದು ಅನುಮಾನಿಸಿ ಮತ್ತೆ ನೋಡಬೇಕು. ಮೊಟ್ಟೆಪಾತಿ ಇರುವ ತಿಂಗಳುಗಳಲ್ಲಿ ಕದಡುವ ಜಾಗವನ್ನು ಮೊದಲೇ ಪರೀಕ್ಷಿಸಿಕೊಳ್ಳಬೇಕು. ಇದನ್ನು ದಪ್ಪಕ್ಷರದಲ್ಲಿ ಹಾಕಿ.

ಮರು: ಫ್ಲೈ (ಎರೆ)

‘ಎರೆ ನಿಷಿದ್ಧ’ ಎಂಬಲ್ಲಿ ಯಾರೂ ನಿಲ್ಲಲಿಲ್ಲ. ನಾನು ನಿಲ್ಲುತ್ತೇನೆ.

ಎರೆಹುಳು ಎಂಬುದು ಎರೆಮಣ್ಣಿನ ಹುಳು ಎಂದು ಬರೆಯುವವರಿದ್ದಾರೆ. ಕೆಂಪು ಮಣ್ಣಿನಲ್ಲೂ ಅದು ಎರೆಹುಳುವೇ. ಇಲ್ಲಿರುವ ಎರೆ ಬೇರೆ: ಹಿಡಿದು ತಿನ್ನುವ ಆಹಾರ, ಗಾಳಕ್ಕೆ ಸಿಕ್ಕಿಸುವ ತಿನಿಸು. ತಮಿಳಿನ ‘ಇರೈ’ ನೋಡಿ. ನೀರೆರೆಯುವ ‘ಎರೆ’ ಮೂರನೆಯದು. ಮೂರನ್ನೂ ಒಂದೇ ಬೇರಿಗೆ ಕಟ್ಟುವುದು ತಪ್ಪು. ಗಾಳಕ್ಕೆ ಸಿಕ್ಕಿಸುವ ಹುಳುವಾದ್ದರಿಂದ ಅದು ಎರೆಹುಳು.

ಮರು: ಎರೆ

ವ್ಯುತ್ಪತ್ತಿ ಸರಿಯಿರಬಹುದು, ಫಲಕ ಓದುವವನಿಗೆ ಅದು ತಲುಪುವುದಿಲ್ಲ. ಇಂದು ‘ಎರೆ’ ಎಂದರೆ ಎರೆಹುಳುವಷ್ಟೇ ಅನ್ನಿಸಿ, ಬ್ರೆಡ್ಡನ್ನೋ ಹಿಟ್ಟಿನುಂಡೆಯನ್ನೋ ಸಿಕ್ಕಿಸಿಯಾನು. ತಿನ್ನುವ ವಸ್ತುವನ್ನು ಮೀನು ಉಗುಳದೆ ನುಂಗುತ್ತದೆ, ಗಾಳ ಗಂಟಲು ದಾಟುತ್ತದೆ, ಬಿಟ್ಟರೂ ಬದುಕುವುದು ಕಷ್ಟ. ನಿಯಮ ಇರುವುದೇ ಅದಕ್ಕೆ. ‘ಹುಳು, ಹಿಟ್ಟು ಸೇರಿ ಯಾವ ತಿನಿಸನ್ನೂ ಗಾಳಕ್ಕೆ ಸಿಕ್ಕಿಸಬೇಡಿ’ ಎಂದು ಬಿಡಿಸಿ ಬರೆಯಬೇಕು.

ಮರು: ಎರೆ (‘ಟ್ರೌಟ್’ ಏಕೆ?)

ಇಷ್ಟು ನುಡಿಗಳನ್ನು ತಿದ್ದಿದಿರಿ, ‘ಟ್ರೌಟ್’ ಹಾಗೇ ಉಳಿಯಿತು. ಕಣ್ಣಿಗೆ ಎದ್ದು ಕಾಣುವುದು ಮೈಮೇಲಿನ ಚುಕ್ಕೆ. ‘ಚುಕ್ಕೆಮೀನು’ ಎನ್ನಲು ಏನು ಅಡ್ಡಿ? ಹೊರಗಿನ ಮಾತನ್ನು ಹೀಗೆ ಒಂದೊಂದಾಗಿ ಒಳಗೆ ಬಿಟ್ಟುಕೊಂಡರೆ ನಮ್ಮ ನುಡಿಗೆ ಹೊಸದನ್ನು ಹೆಸರಿಸುವ ಕಸುವೇ ಹೋಗುತ್ತದೆ.

ಮರು: ‘ಟ್ರೌಟ್’ ಏಕೆ?

ಅಡ್ಡಿ ಇದೆ. ಚುಕ್ಕೆ ಎಂದರೆ ನಕ್ಷತ್ರವೂ ಹೌದು, ಓದುಗ ನಕ್ಷತ್ರಮೀನು ಎಂದುಕೊಳ್ಳುತ್ತಾನೆ. ಚುಕ್ಕೆ ಇರುವ ಬೇರೆ ಮೀನುಗಳೂ ಬೇಕಾದಷ್ಟಿವೆ. ಚುಕ್ಕೆಯೇ ಬೇಕೆಂದರೆ, ಬ್ರೌನ್ ಟ್ರೌಟ್‌ಗೆ ಕಪ್ಪು ಮತ್ತು ಕೆಂಪು ಚುಕ್ಕೆ, ರೇನ್‌ಬೋಗೆ ಕಪ್ಪು ಮಾತ್ರ, ಚಾರ್ ಎಂಬ ಹತ್ತಿರದ ನಂಟಿನ ಗುಂಪಿನ ಬ್ರೂಕ್ ಟ್ರೌಟ್‌ಗೆ ಗಾಢ ಮೈಮೇಲೆ ತಿಳಿ ಬಣ್ಣದವು. ಯಾವುದನ್ನು ಹಿಡಿಯಬಹುದು, ಯಾವಾಗ ಹಿಡಿಯಬಾರದು ಎಂಬುದು ಜಾತಿಯ ಮೇಲೆ ನಿಂತಿದೆ. ಅಲ್ಲಿ ಹೆಸರು ಮಸುಕಾಗಬಾರದು.

‘ಟ್ರೌಟ್’ ಇಂಗ್ಲಿಷಿನ ಸ್ವಂತ ಮಾತೂ ಅಲ್ಲ. ಲ್ಯಾಟಿನ್ನಿನ ‘ಟ್ರುಕ್ಟ’ದಿಂದ ಬಂದದ್ದು, ಅದರ ಹಿಂದೆ ಗ್ರೀಕ್ ಇದೆ. ರೇನ್‌ಬೋ ಟ್ರೌಟಿಗೆ 1792ರಲ್ಲಿ ಜರ್ಮನಿಯ ಪ್ರಾಣಿಶಾಸ್ತ್ರಜ್ಞ ವಾಲ್‌ಬಾಮ್ ಇಟ್ಟ ‘ಮೈಕಿಸ್’ ಎಂಬ ಶಾಸ್ತ್ರೀಯ ಹೆಸರು ರಷ್ಯಾದ ಕಮ್ಚಾಟ್ಕಾದ ಜನ ಆ ಮೀನಿಗೆ ಹೇಳುತ್ತಿದ್ದ ಮಾತಿನಿಂದ ಬಂದದ್ದು. 1989ರಲ್ಲಿ ಅದನ್ನು ಸಾಲ್ಮೊ ಕುಲದಿಂದ ಆಂಕೊರಿಂಕಸ್‌ಗೆ ಬದಲಿಸಿದರು, ಆಗ ಅಮೆರಿಕದ ಮೀನಿಗೆ ಬಳಕೆಯಲ್ಲಿದ್ದ ‘ಗೇರ್ಡ್‌ನೆರಿ’ಯನ್ನು ಬಿಟ್ಟು ಹಳೆಯ ‘ಮೈಕಿಸ್’ ಹೆಸರನ್ನೇ ಹಿಡಿದರು. ಪ್ರಾಣಿಯ ಹೆಸರು ಪ್ರಾಣಿ ಇರುವ ಕಡೆಯಿಂದ ಬರುತ್ತದೆ. ಸಂಸ್ಕೃತದ ‘ಮೀನ’ ದ್ರಾವಿಡದಿಂದ ಹೋದದ್ದೆಂದು ಬಹಳ ವಿದ್ವಾಂಸರ ಮತ. ಅದರಿಂದ ಸಂಸ್ಕೃತದ ಕಸುವೇನೂ ಹೋಗಲಿಲ್ಲ.

ಮರು: ಮರು: ‘ಟ್ರೌಟ್’ ಏಕೆ?

ಕೊಟ್ಟದ್ದನ್ನು ತೋರಿಸಿ ತೆಗೆದುಕೊಂಡದ್ದನ್ನು ಮುಚ್ಚಬೇಡಿ. ನಾನು ಒಪ್ಪುವುದಿಲ್ಲ.

ಮರು: ‘ಟ್ರೌಟ್’ ಏಕೆ? (ರಿಫ್‌ಲ್ ಉಳಿಯಿತು)

ಮೇಡಂ ಕೇಳಿದ್ದರಲ್ಲಿ ಒಂದು ಬಾಕಿ ಇದೆ. ‘ಝರಿ’ ಬೇಡ, ಅದು ಮೇಲಿನಿಂದ ಧುಮುಕುವ ನೀರು. ರಿಫ್‌ಲ್ ಆಳವಿಲ್ಲದ, ಕಲ್ಲಿನ ಮೇಲೆ ಮೇಲ್ಮೈ ಒಡೆದು ಬಿರುಸಾಗಿ ಓಡುವ ನೀರು. ಅದರ ಜೋಡಿಗೆ ನಮ್ಮಲ್ಲಿ ‘ಮಡು’ ಇದೆ. ‘ಮಡು’ವಿನ ಪಕ್ಕದಲ್ಲಿ ನಿಲ್ಲುವ ಮಾತು ‘ಕಲ್ಲುಹರಿವು’. ಟ್ರೌಟ್ ಪಾತಿ ತೋಡಲು ಹೆಚ್ಚಾಗಿ ಆರಿಸುವುದು ಮಡು ಮುಗಿದು ಕಲ್ಲುಹರಿವು ಶುರುವಾಗುವ ಅಂಚನ್ನು, ಏಕೆಂದರೆ ಅಲ್ಲಿ ನೀರು ಕಲ್ಲುಗಳ ಒಳಕ್ಕೆ ಇಳಿಯುತ್ತದೆ. ಹೊಳೆ ದಾಟಲು ಜನ ಆರಿಸುವುದೂ ಅದೇ ಜಾಗ, ಆಳ ಕಡಿಮೆ ಎಂದು. ಫಲಕದಲ್ಲಿ ಜಾಗದ ಹೆಸರು ಬರಲೇಬೇಕು.

ಮರು: ಫಲಕದ ಪಾಠ

ಎಲ್ಲರಿಗೂ ಧನ್ಯವಾದ. ಹೊಳೆಯಲ್ಲಿರುವುದು ಬ್ರೌನ್ ಟ್ರೌಟ್ ಒಂದೇ, ಉತ್ತರ ಗೋಳಾರ್ಧ. ಈಗ ಹೀಗಿದೆ:

“ಇಲ್ಲಿ ಟ್ರೌಟ್‌ಗಳ ಮೊಟ್ಟೆಪಾತಿಗಳಿವೆ. ಚಳಿಗಾಲದಲ್ಲಿ ಮಡುವಿನ ಕೊನೆಯಲ್ಲೂ ಕಲ್ಲುಹರಿವಿನಲ್ಲೂ ಕಾಲಿಡಬೇಡಿ. ಮೊಟ್ಟೆ ಇರುವುದು ಕುಳಿಯಿಂದ ಹರಿವಿನ ಕೆಳಗಡೆ ಇರುವ ಉಬ್ಬಿನಲ್ಲಿ. ಹಿಮ್ಮುಳ್ಳಿಲ್ಲದ ಗಾಳ, ಗರಿಹುಳು ಮಾತ್ರ. ಹುಳು, ಹಿಟ್ಟು ಸೇರಿ ಯಾವ ತಿನಿಸನ್ನೂ ಗಾಳಕ್ಕೆ ಸಿಕ್ಕಿಸಬೇಡಿ. ಹಿಡಿದ ಮೀನನ್ನು ಬಿಟ್ಟುಬಿಡಿ.”

ಮರು: ಮರು: ಫಲಕದ ಪಾಠ

ಎರಡು ತಿದ್ದುಪಡಿ.

‘ಬಿಟ್ಟುಬಿಡಿ’ ಎಂದರೆ ದಡದಿಂದ ಎಸೆಯುವವರಿದ್ದಾರೆ. ‘ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರಿನಿಂದ ಎತ್ತದೆ ಗಾಳ ಬಿಡಿಸಿ, ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ತಾನಾಗಿ ಈಜಿಹೋಗುವವರೆಗೆ ಕಾಯಿರಿ.’ ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತುಬಂದು ಅಲ್ಲಿ ಬೂಷ್ಟು ಹತ್ತುತ್ತದೆ. ನೀರು 20 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ದಿನ ಗಾಳ ಹಾಕುವುದೇ ಬೇಡ. ಬೆಚ್ಚನೆಯ ನೀರಿನಲ್ಲಿ ಆಮ್ಲಜನಕ ಕಡಿಮೆ, ದಣಿದ ಮೀನು ಈಜಿಹೋದರೂ ಚೇತರಿಸಿಕೊಳ್ಳದೆ ಸಾಯುವುದುಂಟು. ಇದಕ್ಕೆ ಬೇರೆ ಸಾಲು ಮಾಡಿ.

‘ಚಳಿಗಾಲದಲ್ಲಿ’ ತೆಗೆದು ತಿಂಗಳು ಬರೆಯಿರಿ. ಬ್ರೌನ್ ಟ್ರೌಟ್ ಮೊಟ್ಟೆ ಒಡೆಯಲು ದಿನದಿನದ ನೀರಿನ ಉಷ್ಣತೆಯನ್ನು ಕೂಡಿಸುತ್ತ ಹೋದರೆ 400 ಡಿಗ್ರಿಗೂ ಮೇಲಾಗಬೇಕು. 5 ಡಿಗ್ರಿಯ ನೀರಿನಲ್ಲಿ ಅದು 80 ದಿನಕ್ಕೂ ಹೆಚ್ಚು. ಒಡೆದ ಮೇಲೂ ಮರಿ ಹೊಟ್ಟೆಯ ಭಂಡಾರ ಕರಗುವವರೆಗೆ ಹಲವು ವಾರ ಕಲ್ಲಿನೊಳಗೇ ಇರುತ್ತದೆ. ‘ಅಕ್ಟೋಬರ್‌ನಿಂದ ಏಪ್ರಿಲ್ ಕೊನೆಯವರೆಗೆ’ ಎಂದು ಹಾಕಿ, ಅಚ್ಚಿಗೆ ಕಳಿಸಿ.