ಹರಪ್ಪದ ನಗರಗಳಿಗೆ ಆದದ್ದು ‘ಪತನ’ವೇ, ‘ಅವನತಿ’ಯೇ?

ಎಲ್ಲರಿಗೂ ನಮಸ್ಕಾರ.

ಪ್ರೌಢಶಾಲೆಯ ಮಕ್ಕಳಿಗಾಗಿ ಸಿಂಧೂ ಕಣಿವೆಯ ಬಗ್ಗೆ ಒಂದು ಪುಸ್ತಿಕೆ ಬರೆಯುತ್ತಿದ್ದೇನೆ. ನಗರಗಳು ಹುಟ್ಟಿ ಬೆಳೆದ ಕಥೆಗೆ ಪದಗಳು ತಾವಾಗಿಯೇ ಒದಗಿದವು. ತೊಡಕಾದದ್ದು ಕೊನೆಯ ಅಧ್ಯಾಯದ ತಲೆಬರಹಕ್ಕೆ. ಕನ್ನಡದ ಬರಹಗಳಲ್ಲಿ ಆ ನಗರಗಳು ಕೊನೆಗೊಂಡದ್ದಕ್ಕೆ ಪತನ, ಅವನತಿ, ವಿನಾಶ ಎಂಬ ಮೂರು ಪದಗಳೂ ಬಳಕೆಯಾಗುತ್ತವೆ. ಮೂರೂ ದಾರಿ ತಪ್ಪಿಸುತ್ತವೆ ಎಂದು ನನಗೆ ಬಲವಾಗಿ ಅನ್ನಿಸಿದೆ.

ಅಲ್ಲಿ ನಡೆದದ್ದಾದರೂ ಏನು? ಕ್ರಿ.ಪೂ. ಸುಮಾರು 2600ರಿಂದ 1900ರವರೆಗೆ ಮೊಹೆಂಜೊದಾರೊ, ಹರಪ್ಪ, ರಾಖಿಗಢಿ, ಧೋಲಾವೀರ ತುಂಬಿದ ನಗರಗಳಾಗಿದ್ದವು. ಆಮೇಲೆ ಮುದ್ರೆಗಳೂ ಲಿಪಿಯೂ ಮರೆಯಾದವು, ಎಲ್ಲೆಡೆ ಒಂದೇ ಅಳತೆಯಲ್ಲಿ ಸಿಗುತ್ತಿದ್ದ ತೂಕದ ಕಲ್ಲುಗಳು ಬಳಕೆ ತಪ್ಪಿದವು, ಮೆಸೊಪೊಟೇಮಿಯದ (ಇಂದಿನ ಇರಾಕ್ ಪ್ರದೇಶ) ಜೊತೆಗಿನ ವ್ಯಾಪಾರ ಕಡಿದುಹೋಯಿತು. ಮುಂಗಾರು ಕ್ಷೀಣಿಸಿದ್ದು, ಘಗ್ಗರ್-ಹಕ್ರಾ ನದಿಯ ಪಾತ್ರದಲ್ಲಿ ನೀರು ಕಡಿಮೆಯಾದದ್ದು ಇದಕ್ಕೆ ಮುಖ್ಯ ಕಾರಣಗಳೆಂದು ಬಹಳ ವಿದ್ವಾಂಸರು ಹೇಳುತ್ತಾರೆ. ಆದರೆ ಅದೇ ಹೊತ್ತಿಗೆ ಪೂರ್ವಕ್ಕೆ, ಇಂದಿನ ಹರಿಯಾಣ ಮತ್ತು ಪಶ್ಚಿಮ ಉತ್ತರ ಪ್ರದೇಶದಲ್ಲಿ, ಸಣ್ಣ ಹಳ್ಳಿಗಳು ಹೆಚ್ಚಿದವು. ಸೌರಾಷ್ಟ್ರದ ರೋಜಡಿ, ರಂಗಪುರಗಳಲ್ಲಿ ಬಾಳು ಮುಂದುವರಿಯಿತು. ಧೋಲಾವೀರದಲ್ಲಂತೂ ಬರಿದಾದ ನಗರದ ಮೇಲೆಯೇ ಜನ ಮತ್ತೆ ಬಂದು ದುಂಡನೆಯ ಗುಡಿಸಲು ಕಟ್ಟಿಕೊಂಡರು.

‘ಪತನ’ ಎಂದರೆ ಒಮ್ಮೆಗೇ ಬೀಳುವುದು. ಕ್ರಿ.ಪೂ. 2004ರ ಸುಮಾರಿಗೆ ಎಲಾಮಿನವರು (ಇಂದಿನ ನೈಋತ್ಯ ಇರಾನಿನವರು) ಮೆಸೊಪೊಟೇಮಿಯದ ಊರ್ ನಗರವನ್ನು ಹಿಡಿದು ಅರಸ ಇಬ್ಬಿ-ಸಿನ್‌ನನ್ನು ಸೆರೆಯೊಯ್ದರಲ್ಲ, ಅದು ಪತನ. ಹರಪ್ಪದಲ್ಲಿ ಅಂಥ ಒಂದು ದಿನವೇ ಇಲ್ಲ. ‘ವಿನಾಶ’ದಲ್ಲಿ ದಾಳಿಯ ನೆರಳಿದೆ. ಮೊಹೆಂಜೊದಾರೊದಲ್ಲಿ ಸಿಕ್ಕ ಅಸ್ಥಿಪಂಜರಗಳನ್ನು ತೋರಿಸಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಆರ್ಯರ ದಾಳಿಯ ವಾದ ಹೂಡಿದರು. ಅವು ಒಂದೇ ಕಾಲದವಲ್ಲ, ಕಾಳಗದ ಕುರುಹೂ ಇಲ್ಲವೆಂದು ಇನ್ನೊಬ್ಬ ಪುರಾತತ್ವಜ್ಞ ಜಾರ್ಜ್ ಡೇಲ್ಸ್ 1964ರಲ್ಲೇ ವಾದಿಸಿದರು. ಆದರೂ ಆ ಪದ ನಮ್ಮನ್ನು ಬಿಟ್ಟಿಲ್ಲ.

‘ಅವನತಿ’ ಮೇಲ್ನೋಟಕ್ಕೆ ಸೌಮ್ಯ. ನನ್ನ ತಕರಾರು ಹೆಚ್ಚಾಗಿ ಇದರ ಮೇಲೆಯೇ. ಮಳೆ ಕೈಕೊಟ್ಟಾಗ ದೊಡ್ಡ ಊರು ಬಿಟ್ಟು, ಸಣ್ಣ ಹಳ್ಳಿ ಕಟ್ಟಿ, ಕಡಿಮೆ ನೀರಿಗೆ ಬರುವ ಕಿರುಧಾನ್ಯ ಬೆಳೆದು ಮಕ್ಕಳುಮರಿಗಳನ್ನು ಸಾಕಿದವರು ಕೆಳಕ್ಕಿಳಿದರೇ? ಅದರ ಜೊತೆ ‘ನಾಗರಿಕತೆ’ ಸೇರಿದರೆ ತೊಡಕು ಇನ್ನೂ ಹೆಚ್ಚು. ನಮ್ಮ ಮಾತಿನಲ್ಲಿ ಅದಕ್ಕೆ ಸಭ್ಯತೆ ಎಂಬ ಅರ್ಥವೂ ಇದೆ. ‘ನಾಗರಿಕತೆಯ ಅವನತಿ’ ಎಂದು ಓದಿದ ಮಗು ಆ ಜನ ಒರಟರಾದರು ಎಂದುಕೊಂಡರೆ ತಪ್ಪು ಮಗುವಿನದಲ್ಲ. ಅಲ್ಲಿ ಇಲ್ಲವಾದದ್ದು ನಗರ ಮತ್ತು ಅದರ ಏರ್ಪಾಡು. ಜನ ಉಳಿದರು.

ಬದಲಿಗೆ ಯೋಚಿಸಿದ ಪದಗಳು ಇವು. ‘ಹಾಳುಬೀಳು’ (ಹಳಗನ್ನಡದ ಪಾೞ್) ಕಟ್ಟಡಗಳಿಗೆ ಚೆನ್ನಾಗಿ ಒಪ್ಪುತ್ತದೆ. ಹಾಳು ಹಂಪೆ ಅನ್ನುವುದಿಲ್ಲವೇ? ಆದರೆ ಜನ ಎತ್ತ ಹೋದರೆಂದು ಅದು ಹೇಳದು. ಕಂದಾಯ ದಾಖಲೆಗಳ ‘ಬೇಚರಾಕ್’ ಪಾರಸಿಯಿಂದ ಬಂದದ್ದು, ದೀಪವಿಲ್ಲದ ಊರು ಎಂಬ ಅರ್ಥ. ಬಹಳ ಸೊಗಸಾದ ಪದ, ಆದರೆ ಕಚೇರಿಯಾಚೆ ಕೇಳಿದವರು ಕಡಿಮೆ. ‘ನಿರ್ನಗರೀಕರಣ’ ಖಚಿತ, ಮಕ್ಕಳಿಗೆ ಬೇಡ.

ರಾಯಚೂರು, ಕೊಪ್ಪಳದ ಕಡೆಯ ‘ಗುಳೆ’ಯ ಮೇಲೆ ತುಂಬ ಆಸೆಯಿತ್ತು. ಬರ, ಹೊಟ್ಟೆಪಾಡು, ವಲಸೆ ಎಲ್ಲವೂ ಅದೊಂದರಲ್ಲೇ ಇವೆ. ಆದರೆ ಗುಳೆ ಹೋದವರು ಸಾಮಾನ್ಯವಾಗಿ ಮಳೆಗಾಲಕ್ಕೆ ಊರಿಗೆ ಮರಳುತ್ತಾರೆ. ಇಲ್ಲಿಯದು ತಲೆಮಾರುಗಳ ಕಾಲ ನಡೆದ, ಬಹುಪಾಲು ಹಿಂದಿರುಗದ ಹೋಗುವಿಕೆ.

ಸದ್ಯ ನನ್ನ ಮನಸ್ಸು ನಿಂತಿರುವುದು ‘ಒಕ್ಕಲೇಳು’ ಎಂಬುದರಲ್ಲಿ. ‘ನಗರಗಳು ಒಕ್ಕಲೆದ್ದವು’ ಎಂದರೆ ಮನೆಗಳು ಬರಿದಾದದ್ದೂ, ಒಕ್ಕಲುತನ ಬೇರೆಡೆ ಮುಂದುವರಿದದ್ದೂ ಎರಡೂ ಹೊಳೆಯುತ್ತವೆ. ತೊಂದರೆ ಏನೆಂದರೆ ಇಂದಿನ ಬರಹದಲ್ಲಿ ಕಾಣುವುದು ‘ಒಕ್ಕಲೆಬ್ಬಿಸು’ ಮಾತ್ರ, ಅದರಲ್ಲಿ ಬಲವಂತವಿದೆ. ತಾವಾಗಿಯೇ ಎದ್ದುಹೋಗುವ ಅರ್ಥದಲ್ಲಿ ‘ಒಕ್ಕಲೇಳು’ ನಿಮ್ಮ ಕಡೆ ಮಾತಿನಲ್ಲಿದೆಯೇ? ಇದ್ದರೆ ಕರ್ತೃವಾಗಿ ಊರು ಬರುತ್ತದೆಯೋ, ಜನ ಬರುತ್ತಾರೋ? ಶಾಸನಗಳಲ್ಲೋ ಹಳೆಯ ಕಾವ್ಯದಲ್ಲೋ ಈ ರೂಪ ಕಂಡವರು ದಯವಿಟ್ಟು ಸಾಲು ಸಮೇತ ತಿಳಿಸಿ.