ಅಪ್‌ಡೇಟ್: ಯೆಲ್ಲೋಸ್ಟೋನ್ ಬಿಸಿನೀರಿನ ಬುಗ್ಗೆಗಳು, ಯಾವ ಸಲಹೆ ಫಲಿಸಿತು

ತೀರ್ಥಹಳ್ಳಿಯಿಂದ ಬರುವ ಅಪ್ಪ-ಅಮ್ಮನಿಗೆ ಒಂದೇ ದಿನದಲ್ಲಿ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಬುಗ್ಗೆಗಳನ್ನು ತೋರಿಸುವುದು ಹೇಗೆ ಅಂತ ಕೇಳಿದ್ದೆ. ಹೋಗಿ ಬಂದೆವು. ಉತ್ತರ ಕೊಟ್ಟವರಿಗೆಲ್ಲ ಧನ್ಯವಾದ.

ಬೆಳಗಿನ ಜಾವವೇ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಎಂಬ ಬಣ್ಣಬಣ್ಣದ ದೊಡ್ಡ ಬಿಸಿನೀರಿನ ಕೊಳಕ್ಕೆ ಹೋಗಿ ಅಂದವರ ಮಾತಿನಂತೆ ಹೋದೆವು. ಪಾರ್ಕಿಂಗ್ ಸಿಕ್ಕಿತು, ಆದರೆ ಬಣ್ಣ ಕಾಣಲಿಲ್ಲ. ತಣ್ಣನೆ ಗಾಳಿಗೆ ಆವಿ ದಟ್ಟವಾಗಿ, ಮಳೆಗಾಲದ ಜೋಗಕ್ಕೆ ಮಂಜು ಕವಿದ ಹಾಗೆ ಎಲ್ಲ ಮುಚ್ಚಿಹೋಗಿತ್ತು. ಫಲಿಸಿದ್ದು ಫೇರಿ ಫಾಲ್ಸ್ ದಾರಿಯ ಸಲಹೆ. ಬಿಸಿಲೇರಿದ ಮೇಲೆ ಆ ಕಾಲುದಾರಿ ಶುರುವಾಗುವಲ್ಲಿಂದ ಸುಮಾರು 1 ಕಿ.ಮೀ. ನಡೆದು, 30 ಮೀಟರಿನಷ್ಟು ಏರಿದರೆ ಇಡೀ ಕೊಳ ಕೆಳಗೆ ಕಾಣುತ್ತೆ. ಮಂಡಿನೋವಿದ್ದವರು ನಿಧಾನಕ್ಕೆ ಹತ್ತಬಹುದು. ಕರಡಿಗಳ ಕಾರಣಕ್ಕೆ ಈ ದಾರಿ ಮೇ ಕೊನೆಯವರೆಗೆ ಮುಚ್ಚಿರುತ್ತೆ.

ಓಲ್ಡ್ ಫೇತ್‌ಫುಲ್ ಗೀಸರ್ (ಆಗಾಗ ಬಿಸಿನೀರು ಚಿಮ್ಮಿಸುವ ಬುಗ್ಗೆ) ಚಿಮ್ಮುವ ಸಮಯ ಫೋನಿನಲ್ಲೇ ನೋಡೋಣ ಅಂದರೆ ನೆಟ್‌ವರ್ಕ್ ಇಲ್ಲ. ವಿಸಿಟರ್ ಸೆಂಟರಿನಲ್ಲಿ ಬರೆದಿರುತ್ತಾರೆ, 10 ನಿಮಿಷ ಹಿಂದೆ-ಮುಂದೆ ಆಗಬಹುದು. ತಪ್ಪಿದರೆ ಒಂದೂವರೆ ಗಂಟೆ ಕಾಯಬೇಕು. ಅಷ್ಟರಲ್ಲಿ ಕ್ಯಾಸಲ್ ಗೀಸರ್ ಕಡೆಗಿನ ಟಾರು ಹಾದಿಯಲ್ಲಿ ವೀಲ್‌ಚೇರ್ ಕೂಡ ಸಲೀಸಾಗಿ ಹೋಗುತ್ತೆ.

ಅಚ್ಚರಿಯಾಗಿದ್ದು ಮಾರ್ನಿಂಗ್ ಗ್ಲೋರಿ ಕೊಳ. ಜನ ನಾಣ್ಯ, ಕಸ ಎಸೆದು ಬಿಸಿನೀರಿನ ಕಂಡಿ ಕಟ್ಟಿಕೊಂಡು, ನೀರು ತಣಿದು, ಅಂಚಿನ ಹಳದಿ ಬ್ಯಾಕ್ಟೀರಿಯಾ ಒಳಕ್ಕೆ ಹಬ್ಬಿದೆ. ನೀಲಿ ಕೊಳ ಹೀಗಾಗಿದ್ದು ನೋಡಿ ಸಂಕಟವಾಯಿತು. ಹಿರಿಯರು ತೀರ್ಥ ಅಂತ ಕಾಸು ಹಾಕಲು ಹೊರಟರೆ ದಯವಿಟ್ಟು ಮೊದಲೇ ತಡೆಯಿರಿ. ಕೈಕಾಲು ಅದ್ದುವುದಂತೂ ಬೇಡವೇ ಬೇಡ, ಹಲಗೆಹಾದಿ ಬಿಟ್ಟು ಇಳಿಯುವಂತೆಯೇ ಇಲ್ಲ.

ಕನ್ನಡಕ, ಕ್ಯಾಮೆರಾ ಲೆನ್ಸಿಗೆ ಬುಗ್ಗೆಗಳ ತುಂತುರು ಬಿದ್ದರೆ ಆಗಲೇ ಒರೆಸಿ. ಅದರಲ್ಲಿರುವ ಸಿಲಿಕಾ ಎಂಬ ಖನಿಜ ಒಣಗಿದರೆ ಬಿಡುವುದಿಲ್ಲ.