ಗುರಾಣಿ ಯಾರ ಹತ್ರ ಇದೆ?

ನಮ್ಮ 'ಹೊಸಮನೆ ಬಳಗ' ಗುಂಪಿನಲ್ಲಿ 31 ಜನ ಇದ್ದಾರೆ. ಬಾಯಿ ಬಿಡುವವರು ಏಳೆಂಟು ಮಂದಿ, ಉಳಿದವರು ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಹಾಕಿ ಮಾಯ. ಹೋದ ಭಾನುವಾರ ಬೆಳಿಗ್ಗೆ 6:20ಕ್ಕೆ ದೊಡ್ಡಪ್ಪ ಇದನ್ನು ತಂದು ಹಾಕಿದರು. ಮೇಲೆ 'ಹಲವು ಬಾರಿ ಫಾರ್ವರ್ಡ್ ಆಗಿದೆ' ಎಂಬ ಜೋಡಿ ಬಾಣವೂ ಇತ್ತು.

"ನಿಮ್ಮ ಮನೆಯಲ್ಲಿ ಅಜ್ಜ-ಮುತ್ತಜ್ಜನ ಕಾಲದ ಮಡಚುವ ಚಾಕು ಇದೆಯೇ? ಎಸೆಯಬೇಡಿ!! ಹಿಡಿಯ ಮೇಲೆ ಬೆಳ್ಳಿಯ ಪುಟ್ಟ ಗುರಾಣಿ ಕೂರಿಸಿದ್ದರೆ ಅದು ವಿಕ್ಟೋರಿಯಾ ರಾಣಿ ನಂಬಿಕಸ್ಥ ಭಾರತೀಯರಿಗೆ ಕೊಟ್ಟ ಉಡುಗೊರೆ. ಅಂಥದ್ದೊಂದು ಚಾಕುವಿಗೆ ಲಂಡನ್ನಿನಲ್ಲಿ 18 ಲಕ್ಷ ರೂ. ಗುರಾಣಿಯ ಆಕಾರ ನೋಡಿ ಬೆಲೆ ಕಟ್ಟುತ್ತಾರೆ. 10 ಜನರಿಗೆ ಕಳಿಸಿ."

ಅದರ ಕೆಳಗೆ ದೊಡ್ಡಪ್ಪನ ಸ್ವಂತ ಬರವಣಿಗೆ: "ನಮ್ಮಪ್ಪನ ಚಾಕು ಇದೇ. ಎಸ್ಟೇಟ್ ದೊರೆ ಕೈಯಾರೆ ಕೊಟ್ಟಿದ್ದು. ಈಗ ಯಾರ ಹತ್ರ ಇದೆ?"

ಕೊನೆಯ ಆ ಒಂದು ಸಾಲಿಗಾಗಿಯೇ ಉಳಿದದ್ದೆಲ್ಲ ಬಂದದ್ದು ಅಂತ ನನಗಂತೂ ಆಗಲೇ ಅನ್ನಿಸಿತು. ತಾತ ಸಕಲೇಶಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರಾಗಿದ್ದವರು, ಅಂದರೆ ಲೆಕ್ಕಪತ್ರ ಬರೆಯುವವರು. ಅವರು ಹೋದ ಮೇಲೆ ಪಾಲಾದಾಗ ಹಂಡೆ, ಕೊಪ್ಪರಿಗೆ, ಒನಕೆ ಸಮೇತ ಎಲ್ಲವೂ ಪಟ್ಟಿಯಲ್ಲಿ ಬಂದಿದ್ದವು. ಚಾಕು ಬಂದಿರಲಿಲ್ಲ.

ವಿನಯ (ಅತ್ತೆಯ ಮಗ, ಗುಂಪಿನ ಖಾಯಂ ತನಿಖಾಧಿಕಾರಿ): ದೊಡ್ಡಮಾವ, ಸೋರ್ಸ್ ಏನು? ವೈಷ್ಣೋದೇವಿ 5 ರೂಪಾಯಿ ನಾಣ್ಯಕ್ಕೂ ಹೀಗೇ ಲಕ್ಷಗಟ್ಟಲೆ ಅಂದಿದ್ರಿ. ಗುರಾಣಿ ಅಂತೆ! ಶೀಲ್ಡ್ ಅನ್ನೋ ಪದಾನ ಯಾರೋ ಮಷೀನಿಗೆ ಹಾಕಿ ತೆಗೆದಿದಾರೆ.

ಅತ್ತೆ: ಶೀಲ್ಡ್ ನನ್ನ ಹತ್ರಾನೇ ಇದೆಯಲ್ಲೋ. ಹೈಸ್ಕೂಲಲ್ಲಿ ಥ್ರೋಬಾಲಿಗೆ ಕೊಟ್ಟಿದ್ದು. ಶೋಕೇಸಲ್ಲಿದೆ.

ವಿನಯ: ಅಮ್ಮಾ. ಆ ಶೀಲ್ಡ್ ಅಲ್ಲ.

ದೊಡ್ಡಪ್ಪ: ಸೋರ್ಸ್ ಕೇಳೋ ಮುಂಚೆ ಹಿರಿಯರಿಗೆ ನಮಸ್ಕಾರ ಹೇಳೋದು ಕಲೀಬೇಕು. ನಮ್ಮ ಕಾಲದಲ್ಲಿ ಅಪ್ಪ ಹೇಳಿದ್ದೇ ಸೋರ್ಸು.

ಅಷ್ಟರಲ್ಲಿ ಪಿಟ್ಸ್‌ಬರ್ಗಿನಿಂದ ದೊಡ್ಡಪ್ಪನ ಮಗ ಪ್ರಸನ್ನ ಬಂದ. ಅವನಿಗಿನ್ನೂ ಶನಿವಾರ ರಾತ್ರಿ. ಈ ಹುಡುಗನಿಗೆ ನಾಲ್ಕೈದು ವರ್ಷದಿಂದ ಹಳೇ ಚಾಕುಗಳ ಹುಚ್ಚು. ವಾರದ ಸಂತೆಗಳಲ್ಲಿ ಹುಡುಕಿ ಕೊಳ್ಳುತ್ತಾನೆ. ಇಡೀ ಗುಂಪಿನಲ್ಲಿ ವಿಷಯ ಗೊತ್ತಿದ್ದವನು ಅವನೊಬ್ಬನೇ. ಅವನ ಮಾತು ಎಷ್ಟು ನಡೆಯಿತು ಅನ್ನೋದನ್ನು ಮುಂದೆ ನೋಡುವಿರಂತೆ.

ಪ್ರಸನ್ನ: ಅಪ್ಪಾ, ಶೀಲ್ಡ್ ಅನ್ನೋದು ನಿಜ, ರಾಣಿ ಉಡುಗೊರೆ ಅನ್ನೋದು ಸುಳ್ಳು. ಹಿಡಿಯಲ್ಲಿ ಗುಳಿ ತೋಡಿ ಕೂರಿಸೋ ಲೋಹದ ತಗಡು ಅಷ್ಟೇ. ಹೆಚ್ಚಿನವು ಬೆಳ್ಳಿಯೇ ಅಲ್ಲ, ಜರ್ಮನ್ ಸಿಲ್ವರ್. ತಾಮ್ರ, ನಿಕ್ಕಲ್, ಸತು ಸೇರಿಸಿ ಮಾಡೋದು, ಬೆಳ್ಳಿ ಒಂದು ಗುಂಜಿಯೂ ಇರಲ್ಲ.

ಸಂದೇಶ ಸರಿಯಾಗಿತ್ತು, ಬಿದ್ದ ಜಾಗ ಸರಿಯಿರಲಿಲ್ಲ.

ದೊಡ್ಡಮ್ಮ: ಹೌದಾ ಪುಟ್ಟಾ? ನೋಡೋಕೆ ಬೆಳ್ಳಿ ಥರಾನೇ ಇರುತ್ತಾ? ಒಂದು ಮದುವೇಲಿ ನಮಗೂ ಬೆಳ್ಳಿ ಕುಂಕುಮದ ಬಟ್ಟಲು ಅಂತ ಕೊಟ್ಟಿದ್ರು. ಆರು ತಿಂಗಳಿಗೆ ಹಳದಿ ತಿರುಗ್ತು. ಹೆಸರು ಹೇಳಲ್ಲ.

ಅತ್ತೆ: ಅತ್ತಿಗೆ, ಹೆಸರು ಹೇಳಿ ಪರವಾಗಿಲ್ಲ. ವಿನಯನ ಮದುವೇದು ತಾನೆ? ಬೆಳ್ಳಿ ಅಂತ ನಾವು ಯಾವತ್ತು ಅಂದಿದ್ವಿ? ನೀವೇ ಅಂದ್ಕೊಂಡ್ರಿ.

ದೊಡ್ಡಮ್ಮ: ಕೊಡೋವಾಗ ಡಬ್ಬಿ ಮೇಲೆ ಬೆಳ್ಳಿ ಅಂಗಡಿ ಹೆಸರಿತ್ತಪ್ಪ.

ಅತ್ತೆ: ಅದೇ ಅಂಗಡೀಲಿ ಎರಡೂ ಮಾರ್ತಾರೆ.

ಈ ಬಟ್ಟಲಿನ ಮೇಲೆ 23 ಸಂದೇಶ ಬಂದವು, ನಿಮಗೆ ಬೇಡ. ನಡುವೆ ಪ್ರಸನ್ನ ಎಡಬಿಡದೆ ಬರೆಯುತ್ತಲೇ ಇದ್ದ. ಶೀಲ್ಡುಗಳಿಗೆ ಹೆಸರು ಇಟ್ಟವರು ಹೆಚ್ಚಾಗಿ ಆಮೇಲಿನ ಸಂಗ್ರಹಕಾರರು. ಮೊಟ್ಟೆ ಆಕಾರದ್ದು ಓವಲ್, ಉದ್ದನೆಯದು ಬಾರ್, ಲಾಂಛನದಂತೆ ಕೊರೆದದ್ದು ಕ್ರೆಸ್ಟ್, ಎರಡು ತುದಿ ಅಗಲವಾಗಿ ನಡುವೆ ಸಣ್ಣಗಿದ್ದರೆ ಪ್ರೊಪೆಲ್ಲರ್. ಅಮೆರಿಕದ ರೆಮಿಂಗ್ಟನ್ನಿನವರು ಬಂದೂಕು, ತೋಟಾ ಮಾಡುವವರು. ಮೊದಲ ಮಹಾಯುದ್ಧ ಮುಗಿದು ಕಾರ್ಖಾನೆಗೆ ಕೆಲಸ ಇಲ್ಲದಾದಾಗ ಚಾಕುವಿಗೆ ಇಳಿದರು. 1940ರಲ್ಲಿ ಆ ವ್ಯಾಪಾರ ಮಾರಿಬಿಟ್ಟರು. ಅವರ ಬೇಟೆಗಾರರ ದೊಡ್ಡ ಚಾಕುಗಳ ಮೇಲೆ ತೋಟಾ ಆಕಾರದ ಶೀಲ್ಡು. ದಬ್ಬಳದಂಥ ಅಲಗು ಇರುವವುಗಳಿಗೆ ಓಕ್ ಮರದ ಕಾಯಿಯ ಆಕಾರ. ಇವತ್ತು ಜನ ಮುಗಿಬೀಳುವುದು ಆ ತೋಟಾದ ಮೇಲೆ.

ಪ್ರಸನ್ನ: ಬಾಂಬ್ ಅಂತಲೂ ಒಂದು ಶೀಲ್ಡ್ ಇದೆ. ಮೇಲಿಂದ ಬೀಳೋ ಬಾಂಬ್ ಥರ.

ದೊಡ್ಡಪ್ಪ: ಪ್ರಸನ್ನ, ತೋಟಾ, ಬಾಂಬು ಅಂತೆಲ್ಲ ಗ್ರೂಪಲ್ಲಿ ಬರೀಬೇಡ. ಎಲ್ಲಾ ಮೇಲಿಂದ ನೋಡ್ತಿರ್ತಾರೆ. ನಿನ್ನ ವೀಸಾಕ್ಕೆ ತೊಂದರೆ.

ಇಲ್ಲಿ ಮೈಸೂರಿನಿಂದ ರಾಘು ಎದ್ದ. ರಾಘು ಸರೋಜ ಚಿಕ್ಕಮ್ಮನ ಮಗ, ಹಳೆಮನೆಯಲ್ಲೇ ಬೆಳೆದವನು. ಅಡಿಕೆ ಅಂದರೂ ಅಳುತ್ತಾನೆ, ಅಟ್ಟ ಅಂದರೂ ಅಳುತ್ತಾನೆ.

ರಾಘು: ಆ ಚಾಕು!!! ಎಷ್ಟು ನೆನಪು. ಬೇಸಿಗೆ ರಜ. ತಾತ ಜಗಲಿ ಮೇಲೆ ಕೂತು ಅದರಲ್ಲೇ ಮಾವಿನಕಾಯಿ ಹೋಳು ಮಾಡಿ ಉಪ್ಪು-ಖಾರ ಹಚ್ಚಿ ಕೊಡ್ತಿದ್ರು. ಮಧ್ಯಾಹ್ನ ಹಜಾರದಲ್ಲಿ ಸೀಮೆಸುಣ್ಣದಲ್ಲಿ ಮನೆ ಬರೆದು ಚೌಕಾಬಾರ. ಪ್ರಸನ್ನಂದು ಬಳೆಚೂರು, ನಂದು ಹುಣಸೆಬೀಜ, ವಿನಯಂದು ಗುಂಡಿ. ಒಂದು ಗುಂಡಿ ಕಳೆದ್ಹೋಗಿ ಅದರ ಬದಲು ಹೊಳೆಯೋ ತಗಡಿನ ಚೂರು ಇಟ್ಕೊಂಡಿದ್ದ, ಅದಕ್ಕೆ ಬಾದಷಾ ಅಂತ ಹೆಸರು ಬೇರೆ. ಅದು ಹಣ್ಣಾಗದೆ ಆಟ ಬಿಟ್ಟು ಏಳ್ತಿರಲಿಲ್ಲ. ಅಜ್ಜಿ ಬೈದ್ರೆ ಅಟ್ಟ ಹತ್ತೋದು. ಆ ಹಪ್ಪಳದ ವಾಸನೆ... ಈಗಿನ ಮಕ್ಕಳಿಗೆ ಎಲ್ಲಿದೆ?

ಅತ್ತೆ: ಕಣ್ಣಲ್ಲಿ ನೀರು ಬಂತು ರಾಘು.

ಆರು ಜನ ಹೃದಯ ಒತ್ತಿದರು. ನಾನೂ ಒತ್ತಿದೆ. ಓದಿರಲಿಲ್ಲ.

ಪ್ರಸನ್ನ ಬಿಡಲಿಲ್ಲ. ಶೀಲ್ಡ್ ಒಂದನ್ನೇ ನೋಡಿ ಯಾರು ಮಾಡಿದ ಚಾಕು ಅಂತ ಹೇಳಬಾರದು, ಒಂದೇ ಆಕಾರವನ್ನು ಹತ್ತು ಕಂಪನಿಗಳು ಬಳಸಿವೆ. ನೋಡಬೇಕಾದ್ದು ಅಲಗಿನ ಬುಡದಲ್ಲಿ, ಕೀಲಿನ ಪಕ್ಕ ಒತ್ತಿರುವ ಮುದ್ರೆ ಅಂದ. ಪೆನ್ಸಿಲ್ವೇನಿಯದ ಬ್ರಾಡ್‌ಫರ್ಡಿನ ಕೇಸ್ ಚಾಕುಗಳನ್ನೇ ತಗೊಳ್ಳಿ, 1970ರಲ್ಲಿ ಮುದ್ರೆಯ ಕೆಳಗೆ ಹತ್ತು ಚುಕ್ಕಿ ಇಟ್ಟು ಮುಂದೆ ವರ್ಷಕ್ಕೊಂದು ತೆಗೆಯುತ್ತ ಹೋದರು, ಚುಕ್ಕಿ ಎಣಿಸಿದರೆ ವರ್ಷ ಸಿಗುತ್ತೆ ಅಂದ. ನಮ್ಮ ತಾತನದು ಇಂಗ್ಲೆಂಡಿನ ಶೆಫೀಲ್ಡಿನದೇ ಇರಬೇಕು, ಬ್ರಿಟಿಷರ ಕಾಲದಲ್ಲಿ ಇಲ್ಲಿಗೆ ಬರುತ್ತಿದ್ದವು ಅವು ಅಂದ. ಆ ಊರಿನ ಕಸುಬುದಾರರು ಶೀಲ್ಡಿನ ಗುಳಿ ತೋಡುತ್ತಿದ್ದ ಬಗೆಯನ್ನು ಅವನು ಬರೆದದ್ದು ನನಗೆ ತುಂಬ ಹಿಡಿಸಿತು. ಎರಡು ಕಾಲಿನ ಬೈರಿಗೆ, ಅದನ್ನು ತಿರುಗಿಸಲು ಬಿಲ್ಲು, ಎದೆಗೆ ಕಟ್ಟಿಕೊಂಡ ತಟ್ಟೆಯಿಂದ ಒತ್ತಡ. ಶೀಲ್ಡಿನ ಆಕಾರಕ್ಕೆ ಕತ್ತರಿಸಿದ ಉಕ್ಕಿನ ಅಚ್ಚನ್ನು ಹಿಡಿಯ ಮೇಲೆ ಬಿಗಿದು ತಿರುಗಿಸಿದರೆ ಬೈರಿಗೆಯ ಕಾಲುಗಳು ಅಚ್ಚಿನ ಅಂಚಿಗೇ ಆನಿಕೊಂಡು ಓಡಿ, ಅದೇ ಆಕಾರದ ಗುಳಿ ಬೀಳುತ್ತಿತ್ತು. ಆಮೇಲೆ ತಗಡು ಕೂರಿಸಿ ಸಣ್ಣ ಮೊಳೆ ಬಡಿಯುವುದು. ಈಗಿನವುಗಳಲ್ಲಿ ಬಹುಪಾಲು ಬರೀ ಅಂಟು.

ಇದಕ್ಕೆ ಒಬ್ಬರೂ ಉತ್ತರಿಸಲಿಲ್ಲ. ಆದರೆ ಅದರ ಬೆನ್ನಿಗೇ ಅವನು ಹಿಡಿಯ ಸುದ್ದಿ ಎತ್ತಿದ ನೋಡಿ.

ಪ್ರಸನ್ನ: ತಮಾಷೆ ಅಂದ್ರೆ, ಶೆಫೀಲ್ಡಿನ ಕೊಂಬಿನ ಹಿಡಿಗಳಿಗೆ ಎಷ್ಟೋ ಕೊಂಬು ನಮ್ಮ ದೇಶದಿಂದಲೇ ಹೋಗ್ತಿತ್ತು. ಕಡವೆ ಕೊಂಬು.

ದೊಡ್ಡಪ್ಪ: ಕಡವೆ????

ವಿನಯ: 1972ರ ವನ್ಯಜೀವಿ ಕಾಯ್ದೆ. ಕೊಂಬು ಇಟ್ಕೊಂಡಿರೋದೂ ತಪ್ಪೇ. 2023ರಲ್ಲಿ ಹುಲಿ ಉಗುರಿನ ಗಲಾಟೆ ಆದಾಗ ಅರಣ್ಯ ಇಲಾಖೆಯೋರು ಯಾರ್ಯಾರ ಮನೆಗೆ ಹೋದ್ರು ಮರೆತ್ರಾ? ಮುಂದಿನ ವರ್ಷ ಸರ್ಕಾರ ವಾಪಸ್ ಒಪ್ಪಿಸಿ ಅಂತ ಮೂರು ತಿಂಗಳು ಟೈಮ್ ಕೊಟ್ಟಿತ್ತು. ಅದೂ ಮುಗೀತು.

ದೊಡ್ಡಪ್ಪ: ಆ ಚಾಕುವಿಗೂ ನನಗೂ ಸಂಬಂಧ ಇಲ್ಲ. ಪಾಲಲ್ಲಿ ನನಗೆ ಬಂದಿಲ್ಲ, ಪಟ್ಟಿ ನೋಡಬಹುದು.

18 ಲಕ್ಷದ ವಾರಸುದಾರರು ಒಂದೇ ಗಂಟೆಯಲ್ಲಿ ಕೈ ತೊಳೆದುಕೊಂಡದ್ದನ್ನು ನೋಡಿ ಪ್ರಸನ್ನ ಸಮಾಧಾನ ಮಾಡಲು ಹೋದ.

ಪ್ರಸನ್ನ: ಕೊಂಬೇ ಆಗ್ಬೇಕಂತಿಲ್ಲ ಅಪ್ಪಾ. ಮೂಳೆಗೆ ಗೀರು ಹಾಕಿ ಬಣ್ಣ ಕೊಟ್ಟು ಕೊಂಬಿನ ಥರ ಮಾಡ್ತಿದ್ರು.

ಅತ್ತೆ: ಯಾವ ಮೂಳೆ?

ಪ್ರಸನ್ನ: ದನದ್ದು.

ಹನ್ನೊಂದು ನಿಮಿಷ ಯಾರೂ ಏನೂ ಬರೆಯಲಿಲ್ಲ. ದೊಡ್ಡಮ್ಮ 'ಟೈಪ್ ಮಾಡುತ್ತಿದ್ದಾರೆ' ಅಂತ ತೋರಿಸುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ತೋರಿಸುತ್ತಿತ್ತು. ಕೊನೆಗೆ ಬಂದದ್ದು ಇಷ್ಟು: "ನಮ್ಮತ್ತೆ ಅದೇ ಚಾಕುವಿನಲ್ಲಿ ಗೌರಿ ಹಬ್ಬಕ್ಕೆ ಬಾಳೆ ಎಲೆ ಕೊಯ್ಯೋರು."

ವಿನಯ: ತಾತ ಇಷ್ಟು ವರ್ಷ ಬಳಸಿದಾರೆ, ಏನೂ ಆಗಿಲ್ಲ. ಮೊದಲು ಚಾಕು ಯಾರಾದ್ರೂ ನೋಡಿದೀರಾ ಹೇಳಿ. ಫೋಟೋ ಇಲ್ದೆ ಮೂರು ಗಂಟೆಯಿಂದ ಚರ್ಚೆ ಮಾಡ್ತಿದೀವಿ.

ಅವನು ಜನ್ಮದಲ್ಲಿ ಆಡಿದ ಸರಿಯಾದ ಮಾತುಗಳಲ್ಲಿ ಇದೊಂದು.

ಸರೋಜ ಚಿಕ್ಕಮ್ಮ ಹಳೆಮನೆಯಲ್ಲಿ ಒಬ್ಬರೇ. ಕೆಲಸ ಮುಗಿಸಿ ಮಧ್ಯಾಹ್ನ ಊಟವಾದ ಮೇಲೆ ಮೊಬೈಲ್ ನೋಡುವವರು. 2:10ಕ್ಕೆ ಅವರ ಫೋಟೋ ಬಂತು: ಅರ್ಧ ಹೆಬ್ಬೆರಳು, ಅರ್ಧ ಚಾಕು, ಹಿಂದೆ ಮೊರದ ತುಂಬ ಮಲ್ಲಿಗೆ. "ಇದೇನಾ? ಹೂ ಕಟ್ಟೋವಾಗ ಬಾಳೆನಾರು ಕುಯ್ಯೋಕೆ ಇಟ್ಕೊಂಡಿದೀನಿ."

ಹಿಡಿ ಕೊಂಬೂ ಅಲ್ಲ, ಮೂಳೆಯೂ ಅಲ್ಲ, ಕರೀಮರ. ಅಲಗಿನ ಬುಡದಲ್ಲಿ ಏನಿದೆ ನೋಡಿ ಚಿಕ್ಕಮ್ಮ ಅಂತ ಪ್ರಸನ್ನ ಅಲ್ಲಿ ರಾತ್ರಿಯಿಡೀ ಕಾದವನಂತೆ ಕೇಳಿದ. ಅವರು ಕನ್ನಡಕ ಹಾಕಿ, ಹುಣಸೆಹಣ್ಣು ಹಚ್ಚಿ ತಿಕ್ಕಿ ಹೇಳಿದರು: ಒಂದು ನಕ್ಷತ್ರ, ಪಕ್ಕದಲ್ಲಿ ಶಿಲುಬೆ ಥರದ್ದು, ಮೇಲೆ 'ಜಿ', ಕಿರೀಟ, 'ಆರ್'.

ಪ್ರಸನ್ನ: ಜೋಸೆಫ್ ರಾಜರ್ಸ್!! ಶೆಫೀಲ್ಡ್! ನಕ್ಷತ್ರ ಮತ್ತು ಮಾಲ್ಟಾ ಶಿಲುಬೆ ಅವರದೇ ಗುರುತು. 1851ರ ಲಂಡನ್ ಮಹಾ ಪ್ರದರ್ಶನಕ್ಕೆ 75 ಅಲಗಿನ ಚಾಕು ಮಾಡಿದ್ರಲ್ಲ, ಅವರೇ. ಅಪ್ಪಾ, ಕಿರೀಟದ ಪಕ್ಕದ ಅಕ್ಷರ ಆಗ ಆಳ್ತಿದ್ದೋರದು, 'ವಿ' ಇದ್ದಿದ್ರೆ ವಿಕ್ಟೋರಿಯಾ. 'ಜಿ' ಅಂದ್ರೆ ಜಾರ್ಜ್, 1910ರಿಂದ ಈಚೆಗೆ. ರಾಣಿ ಅಷ್ಟರಲ್ಲಿ ಹೋಗಿ ಒಂಬತ್ತು ವರ್ಷ ಆಗಿತ್ತು.

ವಿನಯ: ಆ ಗುರುತನ್ನ ನಕಲು ಮಾಡಿದೋರೂ ಲೆಕ್ಕ ಇಲ್ಲದಷ್ಟಿದ್ರು. ಜರ್ಮನಿಯೋರು ಶೆಫೀಲ್ಡ್ ಅಂತ ಒತ್ತಿ ಮಾರ್ತಿದಾರೆ ಅಂತಲೇ 1887ರಲ್ಲಿ ಬ್ರಿಟನ್ನಲ್ಲಿ ಕಾನೂನು ಬಂತು. ಅಸಲಿ ಅನ್ನೋಕೆ ಪ್ರೂಫ್ ಏನು?

ದೊಡ್ಡಪ್ಪ: ಜಾರ್ಜೂ ರಾಜನೇ. ಗುರಾಣಿ ತೋರಿಸಿ ಮೊದಲು.

ಚಿಕ್ಕಮ್ಮ ಚಾಕು ತಿರುಗಿಸಿ ಇನ್ನೊಂದು ಮಗ್ಗುಲಿನ ಫೋಟೋ ಹಾಕಿದರು. ಕರೀಮರದ ನಡುವೆ ಅಚ್ಚುಕಟ್ಟಾದ ಒಂದು ಗುಳಿ, ಎರಡು ತುದಿಯಲ್ಲಿ ಸೂಜಿಮೊನೆಯಷ್ಟು ತೂತು. ಒಳಗೆ ಕುಂಕುಮದ ಪುಡಿ. ಗುರಾಣಿ ಇಲ್ಲ.

ಗುಳಿಯ ಆಕಾರ ಬಾರೋ ಕ್ರೆಸ್ಟೋ ಅಂತ ಪ್ರಸನ್ನನೂ, ಬೆಳಿಗ್ಗೆಯಿಂದ ಗೂಗಲ್ ಓದಿ ಪಂಡಿತನಾಗಿದ್ದ ವಿನಯನೂ ಶುರು ಮಾಡಿದರು. ಅದು ನಡೆದಿದ್ದರೆ ಎಷ್ಟು ಚೆನ್ನಾಗಿತ್ತು.

ದೊಡ್ಡಪ್ಪ: ತಾನಾಗೇ ಬೀಳೋ ವಸ್ತು ಅಲ್ಲ ಅದು. ಬೆಳ್ಳಿ ಅಂತ ಗೊತ್ತಿದ್ದೋರೇ ಕಿತ್ತಿದಾರೆ. ಆಮೇಲೆ ಚಾಕು ಯಾರ ಕೈಲಿತ್ತು ಅಂತ ನಾನು ಹೇಳ್ಬೇಕಾಗಿಲ್ಲ.

ಇದ್ದದ್ದು ಚಿಕ್ಕಪ್ಪನ ಕೈಯಲ್ಲಿ. ಚಿಕ್ಕಪ್ಪ ತೀರಿಕೊಂಡು ಆರು ವರ್ಷ. ಚಿಕ್ಕಮ್ಮ 'ಟೈಪ್ ಮಾಡುತ್ತಿದ್ದಾರೆ' ಅಂತ ತೋರಿಸಿತು, ಮಾತು ಬರಲಿಲ್ಲ. ರಾಘು ಒಂದು ಸಾಲು ಬರೆದು ಅಳಿಸಿದ. ನನಗೆ ಆಗ ತಲೆಯಲ್ಲಿ ಏನೋ ಚುಚ್ಚಿತು, ಮೇಲೆ, ಕುಂಕುಮದ ಬಟ್ಟಲನ್ನೂ ದಾಟಿ ಹೋಗಿ ರಾಘುವಿನ ಬೆಳಗಿನ ಸಂದೇಶ ಹುಡುಕಿ, 'ಹೊಳೆಯೋ ತಗಡಿನ ಚೂರು' ಅನ್ನುವಲ್ಲಿ ಹಿಡಿದು ಅದಕ್ಕೆ ಉತ್ತರವಾಗಿ ಬರೆದೆ: "ವಿನಯ, ಬಾದಷಾ ಎಲ್ಲಿಂದ ಬಂದಿದ್ದ?"

ವಿನಯ ನಾಲ್ಕು ನಿಮಿಷ ತಗೊಂಡ.

ವಿನಯ: ಇದಕ್ಕೆ ಪ್ರೂಫ್ ಏನಿದೆ?

ರಾಘು: ಅಯ್ಯೋ! ಅಟ್ಟದ ಮೇಲೆ ಕೂತು ಮೊಳೇಲಿ ಎಬ್ಬಿಸ್ತಿದ್ಯಲ್ಲೋ! ನಾನೇ ಟಾರ್ಚ್ ಹಿಡಿದಿದ್ದೆ!

ಅತ್ತೆ: ನನ್ನ ಮಗ ಆಗ ಎಂಟು ವರ್ಷದ ಕೂಸು.

ದೊಡ್ಡಮ್ಮ: ಜರ್ಮನ್ ಸಿಲ್ವರ್ ಅಂದ್ರೆ ಆ ಮನೆಯೋರಿಗೆ ಮೊದಲಿಂದಲೂ ಪ್ರೀತಿ ಬಿಡಿ.

ದೊಡ್ಡಪ್ಪ ಕೈಮುಗಿದ ಚಿಹ್ನೆ ಒಂದನ್ನು ಹಾಕಿದರು. ಯಾರಿಗೆ, ಯಾತಕ್ಕೆ ಅಂತ ಬರೆಯಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಚಿಕ್ಕಮ್ಮನ ದನಿ ಸಂದೇಶ ಬಂತು, ಹಿಂದೆ ಜೀರುಂಡೆ ಸದ್ದು.

"ಚೌಕಾಬಾರದ ಡಬ್ಬಿ ಅಟ್ಟದ ಮೇಲೇ ಇತ್ತು, ಈಗ ಇಳಿಸಿದೆ. ಕವಡೆ, ಬಳೆಚೂರು ಎಲ್ಲಾ ಇದೆ. ತಗಡೂ ಇದೆ, ಕಪ್ಪಾಗಿದೆ. ಅದರ ಮೇಲೆ ಎರಡಕ್ಷರ ಕೊರೆದಿದಾರೆ. ಒಂದು ಸವೆದಿದೆ, ಇನ್ನೊಂದು ಡಬ್ಲ್ಯೂ. ನಮ್ಮ ಮಾವನೋರ ಹೆಸರಲ್ಲಿ ಡಬ್ಲ್ಯೂ ಎಲ್ಲಿತ್ತು? ದೊರೆ ಕೊಟ್ಟಿದ್ದೋ, ಇವರೇ ತಂದಿದ್ದೋ, ಅವರನ್ನೇ ಕೇಳ್ಬೇಕು. ತಗಡು ಯಾರಿಗೆ ಬೇಕೋ ಬಂದು ತಗೊಂಡ್ಹೋಗಿ. ಚಾಕು ಕೊಡಲ್ಲ, ನಾಳೆ ಸೋಮವಾರ, ಹೂ ಕಟ್ಟಬೇಕು."